ಕ್ಲಾರ್ಕ್ ಇದ್ದ ದ್ವೀಪದಲ್ಲಿ ಅಪ್ಪನ ಜೊತೆ

ಶನಿವಾರ, ಕೊಲಂಬೊ

ವೈಜ್ಞಾನಿಕ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ತೀರಿಹೋಗಿದ್ದು 2008ರ ಮಾರ್ಚ್ 19ರಂದು. ಆಗ ನಾನಿನ್ನೂ ಶಾಲೆಯಲ್ಲಿದ್ದೆ. ಅವರ ಪುಸ್ತಕ ನನ್ನ ಕೈಗೆ ಸಿಕ್ಕಿದ್ದು ಕಾಲೇಜಿಗೆ ಬಂದ ಮೇಲೆ. ಹಾಗಾಗಿ ಇವರನ್ನೊಮ್ಮೆ ಭೇಟಿಯಾಗಬೇಕು ಅಂತ ಆಸೆ ಹುಟ್ಟುವ ಹೊತ್ತಿಗೆ ಅವರೇ ಇರಲಿಲ್ಲ. ಆಸೆ ಮಾತ್ರ ಹೋಗಲಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದ ಮನುಷ್ಯ 1956ರಿಂದ ಕೊನೆಯವರೆಗೂ ಶ್ರೀಲಂಕಾದಲ್ಲೇ ಇದ್ದರು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ನಮ್ಮೂರು ರಾಯಚೂರು ಕಡೆಗೆ ಹೋಗೋದಕ್ಕೇ ಇಡೀ ರಾತ್ರಿ ಬೇಕು.

ಜೊತೆಗೆ ಅಪ್ಪ ಬಂದಿದ್ದಾರೆ. ಅವರು ವೈಜ್ಞಾನಿಕ ಕಥೆ ಓದುವವರಲ್ಲ. "ರಾವಣನ ಊರು ನೋಡ್ಬೇಕಿತ್ತು, ನಡಿ" ಅಂತ ಹೊರಟವರು.

ಸಂಜೆ ಗಾಲ್ ಫೇಸ್ ಮೈದಾನದಲ್ಲಿ ಗಾಳಿಪಟ, ಜನ, ಉಪ್ಪುಗಾಳಿ. ಎಲ್ಲ ಗಾಡಿಯಲ್ಲೂ ಇಸ್ಸೊ ವಡೆ. ಬೇಳೆ ವಡೆಯ ಮೇಲೆ ಇಡೀ ಸಿಗಡಿಯನ್ನೇ ಒತ್ತಿ ಕರಿದಿರುತ್ತಾರೆ. ಅಪ್ಪ ಒಮ್ಮೆ ನೋಡಿ ಮುಖ ತಿರುಗಿಸಿದರು. ಮೈದಾನದ ತುದಿಗಿರುವ ಗಾಲ್ ಫೇಸ್ ಹೋಟೆಲಿನಲ್ಲಿ ಕ್ಲಾರ್ಕ್ '3001' ಕಾದಂಬರಿಯ ಕೊನೆಯ ಅಧ್ಯಾಯಗಳನ್ನು ಬರೆದರು. ಅಲ್ಲಿ ಚಹಾ ಕುಡಿಯುವ ಯೋಚನೆ ಇತ್ತು. ದರ ನೋಡಿ ಹೊರಗಿನ ಕಟ್ಟೆಯೇ ಸಾಕು ಅನ್ನಿಸಿತು.

ಭಾನುವಾರ, ಕೊಲಂಬೊ

ಬೆಳಿಗ್ಗೆ ಬೊರೆಲ್ಲಾದ ಕನತ್ತೆ ಸ್ಮಶಾನಕ್ಕೆ ಹೋದೆವು. ದೊಡ್ಡ ದೊಡ್ಡ ಮರಗಳು, ಸಾಲು ಸಾಲು ಸಮಾಧಿಗಳು. ಹುಲ್ಲು ಕೊಯ್ಯುತ್ತಿದ್ದ ಒಬ್ಬರ ಹತ್ತಿರ "ಕ್ಲಾರ್ಕ್" ಅಂದೆ. ಅವರು ಕುಡುಗೋಲು ಕೆಳಗಿಟ್ಟು, ಏನೂ ಮಾತಾಡದೆ ಮುಂದೆ ನಡೆದರು. ನನ್ನಂಥವರು ಆಗಾಗ ಬರುತ್ತಾರೆ ಅನ್ನಿಸುತ್ತದೆ.

ಗೆಳೆಯ ಲೆಸ್ಲಿ ಏಕನಾಯಕೆ ಅವರ ಪಕ್ಕದಲ್ಲೇ ಕ್ಲಾರ್ಕ್ ಅವರನ್ನು ಹೂಳಿದ್ದಾರೆ. ಲೆಸ್ಲಿ 1977ರಲ್ಲಿ, ಮೂವತ್ತು ತುಂಬುವ ಮೊದಲೇ ಅಪಘಾತದಲ್ಲಿ ತೀರಿಕೊಂಡರು. 'ದ ಫೌಂಟನ್ಸ್ ಆಫ್ ಪ್ಯಾರಡೈಸ್' ಕಾದಂಬರಿಯ ಅರ್ಪಣೆ ಅವರಿಗೇ. ಕ್ಲಾರ್ಕ್ ಸಮಾಧಿಯ ಕಲ್ಲಿನ ಮೇಲೆ ಅವರೇ ಬಯಸಿದ್ದ ಮಾತಿದೆ: ಇವನು ದೊಡ್ಡವನಾಗಲೇ ಇಲ್ಲ, ಆದರೆ ಬೆಳೆಯುವುದನ್ನು ನಿಲ್ಲಿಸಲೂ ಇಲ್ಲ. ತನ್ನ ಅಂತ್ಯಕ್ರಿಯೆಯಲ್ಲಿ ಯಾವ ಧರ್ಮದ ಯಾವ ವಿಧಿಯೂ ಇರಕೂಡದು ಅಂತ ಅವರು ಮೊದಲೇ ಬರೆದಿಟ್ಟಿದ್ದರು. ಹಾಗೇ ಆಯಿತು ಕೂಡ.

ಅಪ್ಪ ಚಪ್ಪಲಿ ಬಿಟ್ಟು ನಿಂತಿದ್ದರು. "ಮಂತ್ರ ಬ್ಯಾಡ ಅಂದಾರ ಅಂತಿ. ಕೈ ಮುಗಿಬೌದಿಲ್ಲೋ?" ಅಂತ ಕೇಳಿದರು. ಮುಗಿಯಬಹುದು ಅಂದೆ.

ಆಮೇಲೆ ಬಾರ್ನ್ಸ್ ಪ್ಲೇಸ್. ಕ್ಲಾರ್ಕ್ ಅವರ ಮನೆಯಿದ್ದದ್ದು ಈ ರಸ್ತೆಯಲ್ಲಿ. ಕೊಲಂಬೊ 7 ಅಂದರೆ ರಾಯಭಾರಿಗಳು, ದೊಡ್ಡವರು ಇರುವ ಬಡಾವಣೆ. ರಸ್ತೆ ತುಂಬ ನೆರಳು. ಒಳಗೆ ಹೋಗುವ ಪ್ರಯತ್ನ ಮಾಡಲಿಲ್ಲ. ಗೇಟಿನ ಎದುರು ನಿಂತು ಛಾವಣಿ ನೋಡಿದೆವು. ನನಗೆ ಬೇಕಾಗಿದ್ದು ಅದೇ.

1945ರ ಅಕ್ಟೋಬರಿನಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಕ್ಲಾರ್ಕ್ ಒಂದು ಲೇಖನ ಬರೆದರು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದು ನಿಲ್ದಾಣ ಇಟ್ಟರೆ ಅದು ಭೂಮಿಯ ವೇಗದಲ್ಲೇ ಸುತ್ತುತ್ತದೆ. ನಮ್ಮ ಕಣ್ಣಿಗೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುತ್ತದೆ. ಅಂಥ ಮೂರು ಇದ್ದರೆ ಸಾಕು, ಹೆಚ್ಚುಕಡಿಮೆ ಇಡೀ ಭೂಮಿಗೆ ರೇಡಿಯೊ, ಟಿ.ವಿ. ತಲುಪಿಸಬಹುದು. ಅದಕ್ಕೆ ಸಿಕ್ಕ ಸಂಭಾವನೆ 15 ಪೌಂಡ್. ಪೇಟೆಂಟ್ ಮಾಡಿಸಲಿಲ್ಲ. ಬಿಡುವಿನ ವೇಳೆಯಲ್ಲಿ ನೂರು ಕೋಟಿ ಡಾಲರ್ ಕಳೆದುಕೊಂಡೆ ಅಂತ ಮುಂದೆ ತಮ್ಮನ್ನೇ ತಮಾಷೆ ಮಾಡಿಕೊಂಡರು. ಆ ಲೇಖನದ ನಿಲ್ದಾಣಗಳಲ್ಲಿ ಮನುಷ್ಯರೂ ಇದ್ದರು. ಹಳೇ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್ ಕೆಟ್ಟರೆ ಬದಲಾಯಿಸೋದಕ್ಕೆ ಯಾರಾದರೂ ಬೇಕಲ್ಲ? ವಾಲ್ವ್ ಜಾಗಕ್ಕೆ ಮುಂದೆ ಬಂದ ಟ್ರಾನ್ಸಿಸ್ಟರ್ ಆಗಿನ್ನೂ ಇರಲಿಲ್ಲ. ಇಷ್ಟು ದೂರ ನೋಡಿದವರಿಗೆ ಇಷ್ಟು ಹತ್ತಿರದ್ದು ಕಾಣಲಿಲ್ಲ ಅನ್ನೋದು ನನಗೆ ಅವರಲ್ಲಿ ತುಂಬ ಇಷ್ಟವಾಗುವ ಸಂಗತಿ.

ಈಗ ಅಪ್ಪನ ಕಥೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಇಸ್ರೋ 'ಸೈಟ್' ಅನ್ನುವ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಕಡೆಯ ಹಳ್ಳಿಗಳು ಅದರಲ್ಲಿದ್ದವು. ಅಪ್ಪನ ಊರೂ ಒಂದು. ಆಗ ಅವರಿಗೆ ಒಂಬತ್ತು ವರ್ಷ. ಶಾಲೆಯ ಮಾಳಿಗೆ ಮೇಲೆ ಹತ್ತಡಿ ಅಗಲದ ಡಿಶ್ ಕೂರಿಸಿದ್ದರು. ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯಿಂದ ಮಾಡಿದ್ದು. ಅದೇ ವರ್ಷ ಇಸ್ರೋ ಎಂಜಿನಿಯರ್‌ಗಳು ಕೊಲಂಬೊಗೆ ಬಂದು ಕ್ಲಾರ್ಕ್ ಮನೆಯ ಮೇಲೂ ಒಂದು ದೊಡ್ಡ ಡಿಶ್ ನಿಲ್ಲಿಸಿಕೊಟ್ಟರು. ಕ್ಲಾರ್ಕ್ ಭಾರತದ ಆ ಕಾರ್ಯಕ್ರಮಗಳನ್ನು ಮನೆಯಲ್ಲಿ ಕೂತು ನೋಡುತ್ತಿದ್ದರು. ಎರಡೂ ಡಿಶ್ ಮುಖ ಮಾಡಿದ್ದು ಪೂರ್ವ ಆಫ್ರಿಕಾದ ಮೇಲೆ ನಿಂತಿದ್ದ ಒಂದೇ ಉಪಗ್ರಹದ ಕಡೆಗೆ.

ಇದನ್ನು ರಸ್ತೆಯಲ್ಲೇ ನಿಂತು ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಮ್ಮ ಜಾಲ್ರಿ ಮ್ಯಾಲ ಕಾಗಿ ಕೂಡ್ತಿದ್ವು" ಅಂದರು. "ಮಾಸ್ತರು ಕಲ್ಲು ಒಗದು ಓಡಿಸ್ತಿದ್ರು. ಬಿತ್ತನಿ ತೋರಿಸ್ತಿದ್ರು, ಕೂಸಿನ ಆರೈಕಿ ತೋರಿಸ್ತಿದ್ರು. ಹೆಣ್ಮಕ್ಕಳು ಒಂದ್ ಕಡಿ, ಗಂಡಸ್ರು ಒಂದ್ ಕಡಿ. ಒಂದ್ ವರ್ಷ ಅಷ್ಟ. ಆಮ್ಯಾಲ ಉಪಗ್ರಹ ವಾಪಸ್ ಹೋತು ಅಂದ್ರು."

"ಬೇಜಾರಾಯ್ತಾ?"

"ಆಗ್ದ ಇರ್ತದೇನು? ಅವ್ರು ಬಂದು ಕೊಟ್ಟೋರು, ಅವ್ರ ಒಯ್ದ್ರು."

ಅವತ್ತಿನಿಂದ ಅಪ್ಪ ಕ್ಲಾರ್ಕ್ ಅವರನ್ನು 'ನಮ್ಮ ಟಿ.ವಿ. ನೋಡಿದಾತ' ಅಂತ ಕರೆಯಲು ಶುರು ಮಾಡಿದರು.

ಸೋಮವಾರ, ಸಿಗಿರಿಯಾ

ಬೆಳಗಿನ ಜಾವವೇ ಬಸ್ಸು ಹತ್ತಿ ದಂಬುಲ್ಲ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸಿಗಿರಿಯಾ. ಬಯಲಿನಿಂದ ಸುಮಾರು 200 ಮೀಟರ್ ಎದ್ದು ನಿಂತ ಒಂದೇ ಬಂಡೆ. ಐದನೇ ಶತಮಾನದಲ್ಲಿ ಕಾಶ್ಯಪ ಅನ್ನುವ ರಾಜ ತಂದೆ ಧಾತುಸೇನನನ್ನು ಕೊಂದು, ತಮ್ಮ ಮೊಗ್ಗಲ್ಲಾನನಿಗೆ ಹೆದರಿ ಇದರ ನೆತ್ತಿಯ ಮೇಲೆ ಅರಮನೆ ಕಟ್ಟಿಸಿಕೊಂಡ. ಅಪ್ಪನನ್ನು ಕೊಂದವನ ಕಥೆಯನ್ನು ಅಪ್ಪನಿಗೆ ಹೇಳುತ್ತಾ ಮೆಟ್ಟಿಲು ಹತ್ತುವುದು ಸ್ವಲ್ಪ ಕಷ್ಟವೇ.

ಹತ್ತುವ ಮೊದಲು ಕೆಳಗಿನ ತೋಟದಲ್ಲೇ ಜಾಸ್ತಿ ಹೊತ್ತು ಕಳೆದೆವು. ನೆಲದಲ್ಲಿ ತೂತು ಕೊರೆದ ದುಂಡನೆಯ ಸುಣ್ಣಕಲ್ಲಿನ ಫಲಕಗಳಿವೆ. ಅವೇ ಕಾರಂಜಿಗಳು. ಎತ್ತರದ ಕೆರೆಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ಇಳಿದು ಬಂದು, ಅದರ ಒತ್ತಡದಿಂದಲೇ ಇಲ್ಲಿ ಚಿಮ್ಮುತ್ತದೆ. ಪಂಪು ಗಿಂಪು ಏನಿಲ್ಲ. ಒಳ್ಳೆ ಮಳೆಗಾಲದಲ್ಲಿ ಇವತ್ತಿಗೂ ಚಿಮ್ಮುತ್ತದಂತೆ. ನಾವು ಹೋದದ್ದು ಏಪ್ರಿಲ್ ಕೊನೆ. ತೂತುಗಳಲ್ಲಿ ಇರುವೆ ಓಡಾಡುತ್ತಿದ್ದವು. ಅಪ್ಪ ಬಗ್ಗಿ ಕಿರುಬೆರಳಿನಿಂದ ತೂತಿನ ಅಂಚು ಸವರಿ ನೋಡಿದರು. ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿದವರು. "ಕೆಲಸ ಚೊಲೊ ಆಗೇತಿ" ಅಂದರು. ಅವರ ಬಾಯಲ್ಲಿ ಇದು ದೊಡ್ಡ ಹೊಗಳಿಕೆ.

'ದ ಫೌಂಟನ್ಸ್ ಆಫ್ ಪ್ಯಾರಡೈಸ್' ಅನ್ನುವ ಹೆಸರಿನಲ್ಲಿರೋದು ಈ ಕಾರಂಜಿಗಳೇ. 1979ರ ಕಾದಂಬರಿ, ಹ್ಯೂಗೊ ಮತ್ತು ನೆಬ್ಯುಲಾ ಎರಡೂ ಪ್ರಶಸ್ತಿ ಬಂದವು. ಅದರಲ್ಲಿ ಕಾಶ್ಯಪ ಕಾಳಿದಾಸನಾಗಿದ್ದಾನೆ, ಸಿಗಿರಿಯಾ ಯಕ್ಕಗಲ. ಎರಡು ಸಾವಿರ ವರ್ಷ ಆದಮೇಲೆ ವ್ಯಾನೆವರ್ ಮಾರ್ಗನ್ ಅನ್ನುವ ಎಂಜಿನಿಯರ್ ಅದೇ ದ್ವೀಪಕ್ಕೆ ಬರುತ್ತಾನೆ. ಅವನಿಗೆ ಭೂಮಿಯಿಂದ ಅಂತರಿಕ್ಷಕ್ಕೆ ಲಿಫ್ಟ್ ಕಟ್ಟಬೇಕು. ಸ್ಥಿರವಾಗಿ ನಿಂತಂತಿರುವ ಉಪಗ್ರಹದಿಂದ ನೆಲದವರೆಗೆ ಒಂದು ಎಳೆ ಇಳಿಬಿಡುವುದು, ತೂಕ ಸರಿದೂಗಲು ಆಚೆ ಕಡೆಗೂ ಬೆಳೆಸುವುದು, ಆಮೇಲೆ ಆ ಎಳೆಯ ಗುಂಟ ಹತ್ತಿ ಹೋಗುವುದು. ಈ ಯೋಚನೆಯನ್ನು ರಷ್ಯಾದ ಯೂರಿ ಆರ್ಟ್ಸುತಾನೊವ್ 1960ರಲ್ಲೇ ಬರೆದಿದ್ದರು, ಕ್ಲಾರ್ಕ್ ಅದನ್ನು ಮುಚ್ಚಿಡಲಿಲ್ಲ.

ಒಂದು ತೊಡಕಿತ್ತು. ಈ ಲಿಫ್ಟ್‌ಗೆ ಹೇಳಿಮಾಡಿಸಿದ ಜಾಗ ಭೂಮಧ್ಯರೇಖೆ. ಲಂಕೆ ಇರೋದು ಅದಕ್ಕಿಂತ ಉತ್ತರಕ್ಕೆ. ಕ್ಲಾರ್ಕ್ ಏನು ಮಾಡಿದರು ಗೊತ್ತಾ? ಇಡೀ ದ್ವೀಪವನ್ನೇ 800 ಕಿ.ಮೀ. ದಕ್ಷಿಣಕ್ಕೆ ಸರಿಸಿ, ಟಾಪ್ರೊಬೇನ್ ಅಂತ ಹಳೇ ಹೆಸರಿಟ್ಟು ಕಥೆ ಮುಂದುವರಿಸಿದರು. ಬೇರೆ ಯಾವುದಾದರೂ ದೇಶ ಆರಿಸಿಕೊಳ್ಳಬಹುದಿತ್ತು. ಭೌತಶಾಸ್ತ್ರಕ್ಕೆ ಸುಳ್ಳು ಹೇಳಲು ಮನಸ್ಸಿಲ್ಲ, ಲಂಕೆ ಬಿಡಲೂ ಮನಸ್ಸಿಲ್ಲ. ಭೂಗೋಳಕ್ಕೆ ಸುಳ್ಳು ಹೇಳಿದರು.

ಬಂಡೆಯ ನಡುವಿನ ಚಿತ್ರಗಳು, ಕನ್ನಡಿ ಗೋಡೆ, ಸಿಂಹದ ಪಾದಗಳು ಎಲ್ಲ ನೋಡಿದೆವು. ಫೋಟೊಗಳಲ್ಲಿ ನೀವೂ ನೋಡಿರುತ್ತೀರಿ. ಮೇಲೆ ಬಿಸಿಲು ಸುಡುತ್ತಿತ್ತು, ಬೇಗ ಇಳಿದೆವು.

ಮಂಗಳವಾರ, ತ್ರಿಂಕೋಮಲಿ

ಇದು ಅಪ್ಪನ ದಿನ ಅಂದುಕೊಂಡಿದ್ದೆ. ಕೊನೆಗೆ ಇಬ್ಬರದೂ ಆಯಿತು.

ಫ್ರೆಡರಿಕ್ ಕೋಟೆಯ ಬಾಗಿಲು ದಾಟಿದರೆ ರಸ್ತೆ ಬದಿಯಲ್ಲೇ ಚುಕ್ಕೆ ಜಿಂಕೆಗಳು ಮೇಯುತ್ತಿರುತ್ತವೆ. ದಾರಿಯ ಕೊನೆಗೆ ಸಮುದ್ರದ ಮೇಲೆ ಚಾಚಿದ ಸ್ವಾಮಿ ಬಂಡೆ, ಅದರ ಮೇಲೆ ಕೋಣೇಶ್ವರ ದೇವಸ್ಥಾನ. ಬಂಡೆಯಲ್ಲಿ ಒಂದು ದೊಡ್ಡ ಸೀಳಿದೆ. ರಾವಣ ಕತ್ತಿಯಿಂದ ಕಡಿದದ್ದು ಅಂತಾರೆ. ಈ ಊರಿನ ಹಳೆಯ ಹೆಸರು ಗೋಕರ್ಣ. ಹೇಳಿದ್ದೇ ತಡ, ಅಪ್ಪ ನಿಂತುಬಿಟ್ಟರು. ಆತ್ಮಲಿಂಗ ಹೊತ್ತುಕೊಂಡು ಹೊರಟ ರಾವಣ, ನಡುವೆ ದನ ಕಾಯುವ ಹುಡುಗನ ವೇಷದ ಗಣಪತಿ, ನೆಲಕ್ಕಿಟ್ಟ ಲಿಂಗ ಮೇಲೇಳದೇ ಹೋದದ್ದು, ಎಲ್ಲ ನಮ್ಮ ಕರಾವಳಿಯ ಗೋಕರ್ಣದ ಕಥೆ. "ಅಲ್ಲಿ ಕಳಕೊಂಡಾನ, ಇಲ್ಲಿ ಬಂದು ಅದ ಹೆಸ್ರು ಇಟ್ಟಾರ" ಅಂತ ಅವರೇ ಒಂದು ಸಂಶೋಧನೆ ಮಾಡಿದರು.

ಹಳೆಯ ದೇವಸ್ಥಾನವನ್ನು ಪೋರ್ಚುಗೀಸರು 1620ರ ದಶಕದಲ್ಲಿ ಕೆಡವಿದರು. ಕೋಟೆ ಕಟ್ಟಲು ಅದರ ಕಲ್ಲುಗಳನ್ನು ಬಳಸಿದರು. ಒಂದಷ್ಟು ಸಮುದ್ರದ ಪಾಲಾಯಿತು. 1956ರಲ್ಲಿ ಕ್ಲಾರ್ಕ್ ಮತ್ತು ಅವರ ಜೊತೆಗಾರ ಮೈಕ್ ವಿಲ್ಸನ್ ಈ ಬಂಡೆಯ ಬುಡದಲ್ಲಿ ಮುಳುಗಿ ನೋಡಿದಾಗ ಕೆತ್ತನೆಯ ಕಲ್ಲು, ಕಂಬದ ತುಂಡುಗಳು ಸಿಕ್ಕವು. ಕ್ಲಾರ್ಕ್ ಲಂಕೆಗೆ ಬಂದದ್ದೇ ಸಮುದ್ರಕ್ಕಾಗಿ. ನೀರಿನೊಳಗೆ ತೇಲುವುದು ಅಂತರಿಕ್ಷದ ತೂಕವಿಲ್ಲದ ಸ್ಥಿತಿಗೆ ಅತಿ ಹತ್ತಿರದ ಅನುಭವ ಅನ್ನೋದು ಅವರ ಲೆಕ್ಕ. ರಾಕೆಟ್ಟಿಗೆ ದುಡ್ಡಿಲ್ಲದವನಿಗೆ ಆಮ್ಲಜನಕದ ಸಿಲಿಂಡರೇ ಸಾಕು ಅಂತ ನಾನು ಹೇಳಹೊರಟೆ, ನಿಜಕ್ಕೂ ಅದರಲ್ಲಿರೋದು ಬರೀ ಒತ್ತಿ ತುಂಬಿದ ಗಾಳಿ ಅಂತ ಅಪ್ಪನೇ ತಿದ್ದಿದರು! ಮುಂದೆ ಪೋಲಿಯೊದ ನಂತರದ ತೊಂದರೆಯಿಂದ ಗಾಲಿಕುರ್ಚಿ ಹಿಡಿದ ಮೇಲೂ ಕ್ಲಾರ್ಕ್ ಸಮುದ್ರಕ್ಕೆ ಇಳಿಯುತ್ತಿದ್ದರು.

ವಿಲ್ಸನ್ ಕಥೆ ಇನ್ನೂ ಸ್ವಾರಸ್ಯ. ಸಮುದ್ರದಿಂದ ಮೇಲೆ ಬಂದ ಲಿಂಗವೊಂದು ಈಗ ದೇವಸ್ಥಾನದಲ್ಲಿ ಪೂಜೆಗೊಳ್ಳುತ್ತಿದೆ. ಅದನ್ನು ತಂದವರು ವಿಲ್ಸನ್ ಅಂತ ಇಲ್ಲಿ ಹೇಳುತ್ತಾರೆ. 1961ರಲ್ಲಿ ದಕ್ಷಿಣದ ಗ್ರೇಟ್ ಬ್ಯಾಸಸ್ ಬಂಡೆಸಾಲಿನ ಹತ್ತಿರ ಮುಳುಗಿದ್ದ ಹಡಗೊಂದರಲ್ಲಿ ಅವರ ತಂಡಕ್ಕೆ ಬೆಳ್ಳಿ ರೂಪಾಯಿಗಳು ಸಿಕ್ಕವು. ಔರಂಗಜೇಬನ ಹೆಸರಿನ, ಸೂರತ್ ಟಂಕಸಾಲೆಯ ನಾಣ್ಯಗಳು, 1702ರ ಸುಮಾರಿನವು. (ಅದಾಗಿ ಮೂರೇ ವರ್ಷಕ್ಕೆ ಅದೇ ಔರಂಗಜೇಬ ನಮ್ಮ ಸುರಪುರದ ಪಕ್ಕದ ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ.) 1962ರಲ್ಲಿ ಸಿಂಹಳದ ಮೊದಲ ಬಣ್ಣದ ಸಿನಿಮಾ 'ರನ್ ಮುತು ದೂವ' ಬಂತು. ಅದನ್ನು ನಿರ್ದೇಶಿಸಿದ್ದೂ ವಿಲ್ಸನ್. ಆಮೇಲೊಂದು ದಿನ ಕ್ಯಾಮೆರಾ, ಮುಳುಗು ಎಲ್ಲ ಬಿಟ್ಟು ಕಾವಿ ಉಟ್ಟು ಸ್ವಾಮಿ ಶಿವಕಲ್ಕಿ ಆದರು.

ಒಂದೇ ಸಮುದ್ರಕ್ಕೆ ಇಬ್ಬರು ಧುಮುಕಿದರು. ಒಬ್ಬರು ಸ್ವಾಮಿಯಾದರು, ಇನ್ನೊಬ್ಬರು ಸಮಾಧಿಗೂ ಮಂತ್ರ ಬೇಡ ಅಂದರು. ಇದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಅಪ್ಪ ಪೂಜೆ ಮಾಡಿಸಿದರು. ಅರ್ಚಕರಿಗೆ ತಮಿಳು, ಅಪ್ಪನಿಗೆ ಕನ್ನಡ, ಗೋತ್ರದ ಹತ್ತಿರ ಇಬ್ಬರೂ ತಡವರಿಸಿ ಕೊನೆಗೆ ನಕ್ಷತ್ರದಲ್ಲಿ ರಾಜಿಯಾದರು. ನಾನು ಕಟ್ಟೆಗೆ ಒರಗಿ ಕೆಳಗಿನ ನೀರು ನೋಡಿದೆ. ಬುಡದ ಹತ್ತಿರ ಹಸಿರು, ಮುಂದೆ ಹೋದಂತೆ ಕಡುನೀಲಿ.

ಬುಧವಾರ, ದಾರಿಯಲ್ಲೇ

ತ್ರಿಂಕೋಮಲಿಯಿಂದ ಕ್ಯಾಂಡಿ, ಕ್ಯಾಂಡಿಯಿಂದ ಹಟನ್, ಹಟನ್‌ನಿಂದ ನಲ್ಲತಣ್ಣಿಯ. ಇಡೀ ದಿನ ಬಸ್ಸು. ಊಟಕ್ಕೆ ಪೋಲ್ ರೊಟ್ಟಿ, ಅಂದರೆ ತೆಂಗಿನತುರಿ ಹಾಕಿದ ರೊಟ್ಟಿ. ಜೊತೆಗೆ ಕೊಡುವ ಖಾರದ ಲುಣುಮಿರಿಸ್‌ನಲ್ಲಿ ಒಣಮೀನಿನ ಪುಡಿ ಇರಬಹುದು, ಸಸ್ಯಾಹಾರಿಗಳು ಕೇಳಿಯೇ ಹಾಕಿಸಿಕೊಳ್ಳಿ. ಅಪ್ಪ ಬೇಳೆ ಪರಿಪ್ಪು ಜೊತೆ ತಿಂದು, "ಜ್ವಾಳದ ರೊಟ್ಟಿ ಬರ್ಲಿಲ್ಲ, ಆದ್ರೂ ಅಡ್ಡಿಯಿಲ್ಲ" ಅಂದರು.

ಗುರುವಾರ, ಶ್ರೀಪಾದ

ಬೆಳಗಿನ ಎರಡು ಗಂಟೆಗೆ ಹೊರಟೆವು. ಶ್ರೀಪಾದ ಬೆಟ್ಟ 2,243 ಮೀಟರ್. ಡಿಸೆಂಬರಿನ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆವರೆಗೆ ಯಾತ್ರೆಯ ಕಾಲ. ಆಗ ಬುಡದಿಂದ ತುದಿವರೆಗೆ ದೀಪ, ದಾರಿಯುದ್ದಕ್ಕೂ ಚಹಾ ಅಂಗಡಿ. ನೆತ್ತಿಯ ಮೇಲಿನ ಹೆಜ್ಜೆಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ಕಾದಂಬರಿಯಲ್ಲಿ ಇದೇ ಶ್ರೀಕಂಡ. ಮಾರ್ಗನ್‌ನ ಲಿಫ್ಟ್ ಇಲ್ಲಿಂದಲೇ ಏಳಬೇಕು. ಆದರೆ ತುದಿಯಲ್ಲೊಂದು ಪುರಾತನ ಮಠವಿದೆ, ಭಿಕ್ಷುಗಳು ಜಾಗ ಬಿಡುವುದಿಲ್ಲ.

ಅಪ್ಪ ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿ ಬಂದವರು. ಒಂದೇ ಹದದಲ್ಲಿ ಹತ್ತುತ್ತಾ ಹೋದರು. ನಾನು ಜಿಮ್ಮಿಗೆ ದುಡ್ಡು ಕಟ್ಟುವವಳು, ಪ್ರತಿ ಅಂಗಡಿಯಲ್ಲೂ ಕೂತೆ.

ಇಂದಿಕಟುಪಾನ ಅನ್ನುವ ಕಡೆ ಜನ ನಿಲ್ಲುತ್ತಾರೆ. ಬುದ್ಧ ಇಲ್ಲಿ ಕೂತು ಹರಿದ ಚೀವರ ಹೊಲಿದುಕೊಂಡ ಅಂತ ನಂಬಿಕೆ. ಅದಕ್ಕೇ ಯಾತ್ರಿಕರು ಸೂಜಿಗೆ ದಾರ ಪೋಣಿಸಿ ಇಲ್ಲಿ ಚುಚ್ಚುತ್ತಾರೆ, ದಾರದ ಉಂಡೆ ಬಿಚ್ಚುತ್ತಾ ಮೇಲೆ ಹತ್ತುತ್ತಾರೆ. ನಮ್ಮ ಮುಂದೆ ಬಿಳಿ ಬಟ್ಟೆ ತೊಟ್ಟ ಒಬ್ಬ ಹುಡುಗಿ, ಎಂಟೊಂಬತ್ತು ವರ್ಷ ಇರಬಹುದು, ಎರಡೂ ಕೈಯಲ್ಲಿ ರೀಲು ಹಿಡಿದು ಹತ್ತುತ್ತಿದ್ದಳು. ದಾರ ಕಂಬಿಗೆ ಸಿಕ್ಕಿಕೊಂಡಾಗ ಅವಳಜ್ಜಿ ಬಗ್ಗಿ ಬಿಡಿಸುತ್ತಿದ್ದರು. ಕಂಬಿಯುದ್ದಕ್ಕೂ ಆಗಲೇ ನೂರಾರು ಎಳೆಗಳಿದ್ದವು, ಇಬ್ಬನಿಗೆ ನೆನೆದು ಒಂದಕ್ಕೊಂದು ಅಂಟಿಕೊಂಡಿದ್ದವು. ಸ್ವಲ್ಪ ಮುಂದೆ ರೀಲು ಮುಗಿಯಿತು. ಹುಡುಗಿ ಖಾಲಿ ರೀಲನ್ನು ಜೇಬಿಗೆ ಹಾಕಿಕೊಂಡು ಓಡಿದಳು.

ಬೆಟ್ಟದ ತುದಿಗೆ ಎಳೆ ಬಿಡುವ ಕಾದಂಬರಿಗೂ ಈ ದಾರಕ್ಕೂ ಸಂಬಂಧ ಇದೆಯೋ ಇಲ್ಲವೋ. ನೋಡಿದ ಮೇಲೆ ಇಲ್ಲ ಅಂತ ನಂಬೋದು ನನ್ನಿಂದ ಆಗಲಿಲ್ಲ.

ಮೇಲೆ ಮೋಡ. ಸೂರ್ಯೋದಯ ಹೊತ್ತಿಗೆ ಬೆಟ್ಟದ ತ್ರಿಕೋನ ನೆರಳು ಬೀಳುತ್ತದೆ ಅಂತಾರಲ್ಲ, ಅದು ನಮಗೆ ಕಾಣಲಿಲ್ಲ. ಎಷ್ಟು ಸಲ ಹತ್ತಿದ್ದೀರೋ ಅಷ್ಟು ಸಲ ಗಂಟೆ ಬಾರಿಸುವುದು ಇಲ್ಲಿನ ಪದ್ಧತಿ. ನಾವು ತಲಾ ಒಂದು ಬಾರಿಸಿದೆವು. ನಮ್ಮ ಹಿಂದೆ ನಿಂತಿದ್ದ ಮುದುಕರೊಬ್ಬರು ಬಾರಿಸುತ್ತಲೇ ಇದ್ದರು, ಜನ ನಗುತ್ತಾ ಎಣಿಸುತ್ತಿದ್ದರು.

ಈ ಬೆಟ್ಟಕ್ಕೆ ಸಮನಲಕಂದ ಅಂತಲೂ ಹೆಸರಿದೆ, ಚಿಟ್ಟೆಗಳ ಬೆಟ್ಟ. ಚಿಟ್ಟೆಗಳು ಸಾಯುವ ಮುಂಚೆ ಇಲ್ಲಿಗೆ ಹಾರಿ ಬರುತ್ತವೆ ಅಂತ ಜನ ಹೇಳುತ್ತಾರೆ. ನಮಗೆ ಒಂದೂ ಕಾಣಲಿಲ್ಲ. ಇಳಿಯುವಾಗ ಅಪ್ಪನ ಕಾಲಿಗೆ ಎರಡು ಜಿಗಣೆ ಹತ್ತಿದ್ದವು, ಅಷ್ಟೇ.

ಕೆಳಗೆ ಬಂದು ಚಹಾ ಕುಡಿಯುತ್ತಾ ಅಪ್ಪ ಕೇಳಿದರು: "ಆ ಕಥಿ ಒಳಗ ಸ್ವಾಮಿಗಳು ಕಡೀಗೆ ಗುಡ್ಡ ಬಿಟ್ರೇನು?"

ಬಿಟ್ಟರು ಅಂದೆ. ಮಾರ್ಗನ್ ಕೋರ್ಟಿನಲ್ಲಿ ಸೋತ. ಆದರೆ ಅಲ್ಲೊಂದು ಹಳೆಯ ಭವಿಷ್ಯವಾಣಿ ಇತ್ತು. ಕಾಳಿದಾಸನ ದಂಡಿನ ಚಿನ್ನದ ಬಣ್ಣದ ಚಿಟ್ಟೆಗಳು ಎಂದು ಬೆಟ್ಟದ ತುದಿ ಮುಟ್ಟುತ್ತವೋ ಅಂದು ಮಠದ ಕಾಲ ಮುಗಿಯಿತು ಅಂತ. ಹವಾಮಾನ ನಿಯಂತ್ರಣದವರು ಎಬ್ಬಿಸಿದ ಬಿರುಗಾಳಿ ಚಿಟ್ಟೆಗಳನ್ನು ಮೇಲಕ್ಕೆ ಹೊತ್ತೊಯ್ದಿತು. ಭಿಕ್ಷುಗಳು ಮರುಮಾತಿಲ್ಲದೆ ಇಳಿದು ಹೋದರು.

"ಅಂದ್ರ ಎಂಜಿನಿಯರ್ ಲೆಕ್ಕದಿಂದ ಗೆಲ್ಲಲಿಲ್ಲ."

"ಇಲ್ಲ."

"ದೇವ್ರು ಗೀವ್ರು ಬ್ಯಾಡ ಅಂದಾತ ಇದನ್ಯಾಕ ಹಿಂಗ ಬರೆದ?"

ಕ್ಲಾರ್ಕ್ ಸಿಕ್ಕಿದ್ದರೆ ನಾನು ಕೇಳಬೇಕಾಗಿದ್ದು ಇದನ್ನೇ. ಇಷ್ಟು ವರ್ಷ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಬೇಕು, ಒಂದು ಫೋಟೊ ತೆಗೆಸಿಕೊಳ್ಳಬೇಕು ಅಂತಷ್ಟೇ ಯೋಚಿಸಿದ್ದೆ. ಆಡಿದ ಮಾತಿಗೆ ಕಟ್ಟುಬಿದ್ದು ಇಳಿದು ಹೋದ ಭಿಕ್ಷುಗಳ ಮೇಲೆ ಅವರಿಗೆ ಗೌರವ ಇತ್ತು ಅಂತ ನನ್ನ ಊಹೆ, ಅದನ್ನೇ ಹೇಳಿದೆ. ವಿಲ್ಸನ್ ಕಾವಿ ಉಟ್ಟದ್ದನ್ನೂ ನೆನಪಿಸಿದೆ. ಅಪ್ಪ ಒಪ್ಪಲಿಲ್ಲ.

"ಅಷ್ಟೆಲ್ಲ ಏನಿಲ್ಲ ಬಿಡವ್ವಾ. ಇಲ್ಲೇ ಇದ್ದು, ಇಲ್ಲೀದ ಅನ್ನ ಉಂಡಾನ. ಇಲ್ಲಿ ಸ್ವಾಮಿಗಳನ್ನ ಕೋರ್ಟಿನ್ಯಾಗ ಸೋಲಿಸಾಕ ಮನಸ್ಸು ಬಂದಿರ್ಲಿಕ್ಕಿಲ್ಲ."

ಹಟನ್ ಬಸ್ಸು ಹಾರ್ನ್ ಹೊಡೆಯಿತು. ಎದ್ದೆವು. ಲಿಫ್ಟ್ ಪೂರ್ತಿ ಆಯಿತಾ, ಮಾರ್ಗನ್ ಏನಾದ ಅಂತ ಅಪ್ಪ ದಾರಿಯುದ್ದಕ್ಕೂ ಕೇಳಿದರು, ನಾನೂ ಹೇಳಿದೆ. ಇಲ್ಲಿ ಮಾತ್ರ ಹೇಳೋದಿಲ್ಲ. ಪುಸ್ತಕ ಓದದವರು ನಿಮ್ಮಲ್ಲಿ ಬೇಕಾದಷ್ಟು ಜನ ಇರುತ್ತೀರಿ.